ಹಳೇ ಗೇಮ್ ಹೊಸದಾಗಿ ಮಾಡಿದ್ರೂ ಯಾಕೆ ಮಜಾ ಬರ್ತಿಲ್ಲ?

ಸೈಬರ್‌ಹುಡ್ಗ:
ಗುರು ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮಿನ ಹೊಸ ರೂಪ, ಡೆಫಿನಿಟಿವ್ ಎಡಿಷನ್ ಹಾಕ್ಕೊಂಡೆ. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡ್ತಿದ್ದ ಗೇಮು, ಆಗ ಮಿಷನ್ ಗಿಷನ್ ಏನೂ ಇಲ್ಲ, ರಾಕೆಟ್‌ಮ್ಯಾನ್ ಅಂತ ಚೀಟ್ ಕೋಡ್ ಟೈಪ್ ಮಾಡೋದು ಜೆಟ್‌ಪ್ಯಾಕ್ ಹಾಕ್ಕೊಂಡು ಟೈಮ್ ಮುಗಿಯೋವರೆಗೂ ಹಾರಾಡೋದು ಅಷ್ಟೇ. ಈಗ ಎಲ್ಲಾ ಫಳಫಳ ಅಂತಿದೆ ಆದ್ರೆ ಮ್ಯಾಪೇ ಚಿಕ್ಕದಾಗಿ ಹೋಗಿದೆ ಅನ್ಸ್ತಿದೆ. ನಂಗೆ ವಯಸ್ಸಾಯ್ತಾ ಇಲ್ಲ ನಿಜವಾಗ್ಲೂ ಏನಾದ್ರೂ ಚೇಂಜ್ ಮಾಡಿದಾರಾ?

ಮಬ್ಬುಗಣ್ಣ:
ವಯಸ್ಸಾಗಿರೋದು ನಿಜ ಬಿಡು 😄 ಆದ್ರೆ ಇದು ಅದಲ್ಲ. 2004ರಲ್ಲಿ ಈ ಗೇಮ್ ಮೊದಲು ಬಂದಿದ್ದು ಪ್ಲೇಸ್ಟೇಷನ್ 2 ಕನ್ಸೋಲ್‌ಗೆ, ಅದರ ಮೇನ್ ಮೆಮೊರಿ ಬರೀ 32 ಎಂಬಿ. ಮೂರು ಸಿಟಿ, ಮರುಭೂಮಿ, ಬೆಟ್ಟ ಎಲ್ಲಾ ಒಟ್ಟಿಗೆ ಅದ್ರಲ್ಲಿ ಹಿಡಿಯೋದುಂಟಾ? ಹತ್ತಿರದ್ದು ಮಾತ್ರ ಲೋಡ್ ಮಾಡ್ತಾ ದೂರದ್ದನ್ನ ಮಂಜಲ್ಲಿ ಮುಚ್ಚಿಟ್ರು. ಆ ಮಂಜು ಇದ್ದಿದ್ದಕ್ಕೇ ಗೇಮಿನ ಲಾಸ್ ಸ್ಯಾಂಟೋಸ್ ಸಿಟಿ ದಾಟಿ ಹಳ್ಳಿ ರೋಡ್ ಹಿಡಿದ್ರೆ ಬೇರೆ ರಾಜ್ಯಕ್ಕೆ ಹೋದಂಗಿರ್ತಿತ್ತು. 2021ರ ಎಡಿಷನ್‌ನಲ್ಲಿ ಅದನ್ನ ತೆಗೆದುಹಾಕಿದ್ರು, ಈಗ ಮೇಲೆ ಹಾರಿದ್ರೆ ಇಡೀ ಮ್ಯಾಪು ಊಟದೆಲೆ ಹಾಸಿದಂಗೆ ಕಾಣುತ್ತೆ. 2024 ನವೆಂಬರ್ ಅಪ್‌ಡೇಟ್‌ನಲ್ಲಿ ಆ ಹಳೇ ಮಂಜಿನ ಲುಕ್ ವಾಪಸ್ ತರೋಕೆ ಕ್ಲಾಸಿಕ್ ಲೈಟಿಂಗ್ ಅಂತ ಆಪ್ಷನ್ ಕೊಟ್ಟಿದಾರೆ, ಆನ್ ಮಾಡಿ ನೋಡು.

ಬಾಗಿಲು_ತೆಗಿಬೇಡ:
ಹಂಗಂತ ಹಳೇದೆಲ್ಲಾ ಹಂಗೇ ಇರ್ಬೇಕು ಅನ್ನೋದನ್ನ ನಾನು ಒಪ್ಪಲ್ಲ. 1998ರ ಜಾಂಬಿ ಹಾರರ್ ಗೇಮ್ ರೆಸಿಡೆಂಟ್ ಈವಿಲ್ 2ರಲ್ಲಿ ಪ್ರತಿ ರೂಮಿಗೂ ಬಾಗಿಲು ಕಿರ್ರ್ ಅಂತ ನಿಧಾನಕ್ಕೆ ತೆಗ್ಯೋದು, ಅದು ನಮ್ಮನ್ನ ಹೆದರ್ಸೋಕೆ ಅಂದ್ಕೊಂಡಿದ್ವಿ, ಅಸಲಿಗೆ ಹಿಂದುಗಡೆ ಲೋಡಿಂಗ್ ನಡೀತಿತ್ತು. 2019ರ ರೀಮೇಕ್‌ನಲ್ಲಿ ಅದೆಲ್ಲಾ ಇಲ್ಲ. ಭಯ ಹೋಯ್ತಾ? ಇಲ್ಲಪ್ಪಾ! ಹಳೇದ್ರಲ್ಲಿ ರೂಮ್ ಬದಲಾಯಿಸಿದ್ರೆ ಬಚಾವ್, ಹೊಸದ್ರಲ್ಲಿ ಜಾಂಬಿಗಳು ಬಾಗಿಲು ತಳ್ಕೊಂಡು ಒಳಗೇ ಬರ್ತವೆ, ಮೇಲಿಂದ ಅಟ್ಟಿಸ್ಕೊಂಡು ಬರೋ ದೈತ್ಯ ಮಿಸ್ಟರ್ ಎಕ್ಸ್ ಬೂಟಿನ ಸದ್ದು ಬೇರೆ, ಗೋಡೆ ಆಚೆ ಧಡ್ ಧಡ್ ಅಂತಿದ್ರೆ ನಾನು ಎರಡು ಸಲ ಪಾಜ್ ಒತ್ತಿ ಟೀ ಕುಡ್ಯೋಕೆ ಎದ್ದು ಹೋಗಿದೀನಿ. ಮಾಡಿದೋರಿಗೆ ಹಳೇ ಬಾಗಿಲು ಯಾಕೆ ಕೆಲಸ ಮಾಡ್ತಿತ್ತು ಅಂತ ಗೊತ್ತಿತ್ತು. ನಿನ್ನ ಗೇಮ್‌ನೋರು ಮಂಜನ್ನ ಕೊಳೆ ಅಂದ್ಕೊಂಡು ತೊಳೆದುಬಿಟ್ರು.

ಆನೆಪಡೆ:
ಏಜ್ ಆಫ್ ಎಂಪೈರ್ಸ್ 2 ಮರೀಬೇಡ್ರೋ! ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡೋ 1999ರ ಗೇಮು, ಈಗ್ಲೂ ಭಾನುವಾರ ರಾತ್ರಿ ತಮ್ಮನ ಜೊತೆ ಆಡ್ತೀನಿ, ಅವ್ನು ಪುಣೆಲಿ ನಾನು ಶಿವಮೊಗ್ಗದಲ್ಲಿ. 2019ರ ಎಡಿಷನ್‌ನಲ್ಲಿ ಹೊಲ ಖಾಲಿಯಾದ್ರೆ ತಾನೇ ಮತ್ತೆ ಬಿತ್ಕೊಳತ್ತೆ, 2022ರಲ್ಲಿ ಆಡೋಕೆ ದ್ರಾವಿಡಿಯನ್ಸ್ ಅನ್ನೋ ಹೊಸ ಪಡೆ ಕೂಡ ಬಂತು. ಆಟ ಮಾತ್ರ ಅದೇ. ನಾನು ಸೋಲೋದೂ ಅದೇ, ತಮ್ಮ ಗೇಮ್ ಚಾಟ್‌ನಲ್ಲಿ 30 ಒತ್ತಿ ವೊಲೊಲೊ ಅನ್ನೋ ಸದ್ದು ಮಾಡಿ ಅಣಕಿಸೋದೂ ಅದೇ.

ಸೈಬರ್‌ಹುಡ್ಗ:
@ಮಬ್ಬುಗಣ್ಣ ಆನ್ ಮಾಡ್ದೆ ಗುರು. ಬೆಟ್ಟ ಮಾಯ! ಬೈಕ್ ತಗೊಂಡು ಹುಡುಕ್ತಾ ಹೊರಟಿದೀನಿ, ಮ್ಯಾಪ್ ತೆಗೀದೇ.