ಪದಚರ್ಚೆ: ಅಮೆರಿಕದ ಅಂತರ್ಯುದ್ಧದ ‘ಟರ್ನಿಂಗ್ ಪಾಯಿಂಟ್’ಗೆ ಯಾವ ಪದ? (ತುರ್ತು)

ಎಲ್ಲರಿಗೂ ನಮಸ್ಕಾರ.

ಶಾಲೆಯ ಲೈಬ್ರರಿಗೆ ಅಮೆರಿಕದ ಅಂತರ್ಯುದ್ಧದ (ಒಕ್ಕೂಟ ಬಿಟ್ಟುಹೋದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದ ಪರವಿದ್ದ ಉತ್ತರಕ್ಕೂ ನಡೆದದ್ದು) ಬಗ್ಗೆ ನಾಲ್ಕು ಬೋರ್ಡು ಬರೆಯುತ್ತಿದ್ದೇನೆ. ಕಾಳಗ ನಡೆದ ಒಂದೊಂದು ಜಾಗಕ್ಕೆ ಒಂದೊಂದು: ಆಂಟೀಟಮ್, ಗೆಟ್ಟಿಸ್‌ಬರ್ಗ್, ವಿಕ್ಸ್‌ಬರ್ಗ್, ಅಟ್ಲಾಂಟಾ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ತಲೆಬರಹ ‘ಮಹತ್ವದ ತಿರುವುಗಳು’ ಅಂತ ಇಟ್ಟಿದ್ದೆ. ತಿರುವು ಅಂದ್ರೆ ರಸ್ತೆಯದ್ದು, ‘ನಿರ್ಣಾಯಕ ಘಟ್ಟ’ ಅನ್ನಿ ಅಂತ ಗೆಳೆಯರೊಬ್ಬರ ಸಲಹೆ. ಇನ್ನೊಂದು: ‘ಗುಲಾಮಗಿರಿ’ ಇಡಲೋ, ‘ದಾಸ್ಯ’ ಇಡಲೋ?

ಮರು:

ಯಾವುದೂ ಬೇಡ. ಮಹತ್ವ, ನಿರ್ಣಾಯಕ, ಘಟ್ಟ ಎಲ್ಲ ಸಂಸ್ಕೃತದವು. ತಮಿಳರು ‘ತಿರುಪ್ಪುಮುನೈ’ ಅನ್ನುತ್ತಾರೆ. ನಮ್ಮಲ್ಲೂ ಮೊನೆ ಇದೆ. ‘ತಿರುಮೊನೆ’ ಅನ್ನಿ. ಗುಲಾಮ ಅರಬ್ಬಿಯದು. ‘ತೊತ್ತುತನ’ ಬರೆಯಿರಿ. ಮನೆಯಲ್ಲೇ ಇರುವಾಗ ಸಾಲ ಯಾಕೆ?

ಮರು:

‘ತಿರುಮೊನೆ’ ಆಗದು ಸರ್. ಆರನೇ ಕ್ಲಾಸಿನ ಹುಡುಗಿ ಬೋರ್ಡಿನ ಮುಂದೆ ನಿಂತಾಗ ಅರ್ಥ ಬಿಡಿಸಿ ಹೇಳೋಕೆ ನಾವ್ಯಾರೂ ಪಕ್ಕದಲ್ಲಿ ಇರುವುದಿಲ್ಲ. ತಿರುವು ಅಚ್ಚಕನ್ನಡವೇ. ತಿರುಗು, ತಿರುಪು, ತಿರುಗಣೆ ಎಲ್ಲ ಅದೇ ಬಳ್ಳಿಯವು. ರಸ್ತೆಗೂ ಸಲ್ಲುತ್ತದೆ, ಕತೆಗೂ ಸಲ್ಲುತ್ತದೆ. ‘ಘಟ್ಟ’ ಬೇಡ ಅನ್ನುವುದು ಸಂಸ್ಕೃತ ಅಂತಲ್ಲ. ಘಟ್ಟ ಅಂದ್ರೆ ಹಂತ. ಹಂತ ದಾಟಿದರೆ ದಿಕ್ಕು ಬದಲಾಗಲೇಬೇಕು ಅಂತೇನಿಲ್ಲ.

ನನ್ನ ತಕರಾರು ಬೇರೆ. ಇದನ್ನು ನಾಮಪದದಲ್ಲಿ ಯಾಕೆ ಹೇಳಬೇಕು? ಕನ್ನಡದ ಜೀವ ಕ್ರಿಯಾಪದದಲ್ಲಿದೆ. ಗೆಟ್ಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾಪತಿ ಲೀಯ ಸೈನ್ಯ ಹಿಂದೆ ತಿರುಗಿತು, 1863ರ ಜುಲೈ 3ರ ಸೋಲಿನ ಬಳಿಕ. ಮರುದಿನವೇ ವಿಕ್ಸ್‌ಬರ್ಗ್ ಶರಣಾಯಿತು. 47 ದಿನದ ಮುತ್ತಿಗೆ ಅದು. ಆದರೆ ಅಲ್ಲಿ ಆಗಿದ್ದು ತಿರುವಲ್ಲ, ಸೀಳು. ಐದು ದಿನದಲ್ಲಿ ಅದೇ ನದಿದಂಡೆಯ ಪೋರ್ಟ್ ಹಡ್ಸನ್ ಕೂಡ ಬಿದ್ದು, ಮಿಸಿಸಿಪಿ ನದಿ ಉತ್ತರದವರ ಕೈಸೇರಿ, ದಕ್ಷಿಣ ಎರಡು ಹೋಳಾಯಿತು. 1864ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಬಿದ್ದಾಗ ತಿರುಗಿದ್ದು ಚುನಾವಣೆ. ಅಧ್ಯಕ್ಷ ಲಿಂಕನ್ ಮತ್ತೆ ಗೆದ್ದರು.

ಆಂಟೀಟಮ್ ಬೋರ್ಡನ್ನು ದಯವಿಟ್ಟು ದೊಡ್ಡದು ಮಾಡಿ. 1862ರ ಸೆಪ್ಟೆಂಬರ್ 17. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನಕ್ಕೆ ಸುಮಾರು 23,000. ಉತ್ತರದವರ ಗೆಲುವು ಅರೆಬರೆ. ಅಷ್ಟು ಸಾಕಾಯಿತು ಲಿಂಕನ್ನರಿಗೆ. ಐದೇ ದಿನಕ್ಕೆ ಬಿಡುಗಡೆಯ ಮೊದಲ ಘೋಷಣೆ ಹೊರಬಿತ್ತು. ಒಕ್ಕೂಟ ಉಳಿಸೋಕೆ ಅಂತ ಹೊರಟ ಯುದ್ಧ ಗುಲಾಮರ ಬಿಡುಗಡೆಗೂ ಆಯಿತು. ಯುದ್ಧ ಮಗ್ಗುಲು ಬದಲಿಸಿತು ಅಂದ್ರೆ ಇದು. ತಲೆಬರಹಕ್ಕೆ ‘ಯುದ್ಧ ತಿರುಗಿದ್ದು ಎಲ್ಲಿ?’ ಅಂತಷ್ಟೇ ಇಡಿ.

‘ಗುಲಾಮಗಿರಿ’ಯೇ ಇರಲಿ. ದಾಸ ಅಂದ ಕೂಡಲೇ ನಮ್ಮ ಕಿವಿಗೆ ತಂಬೂರಿ ಕೇಳುತ್ತದೆ. ಪುರಂದರದಾಸರು ತಾವಾಗಿ ದಾಸರಾದವರು. ‘ಜೀತ’ಕ್ಕೆ ಸಾಲದ ಲೆಕ್ಕ ಅಂತ ಒಂದಾದರೂ ಇರುತ್ತದೆ. ಅಲ್ಲಿ ಮನುಷ್ಯರನ್ನೇ ಹರಾಜಿಗೆ ನಿಲ್ಲಿಸುತ್ತಿದ್ದರು, ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ. ‘ತೊತ್ತು’ ವಚನಗಳಲ್ಲಿದೆ, ನಿಜ. ಈಗ ಅದು ಬೈಗುಳ. ನೊಂದವರ ಮೇಲೆ ಬೈಗುಳ ಹೊರಿಸಿ ಕನ್ನಡ ಉಳಿಸುವುದು ನನಗೆ ಒಪ್ಪಿಗೆಯಿಲ್ಲ. ಅರಬ್ಬಿಯಿಂದ ಬಂದರೆ ಬರಲಿ. ಅರಬ್ಬಿ, ಪಾರಸಿಗಳಿಂದ ಬಂದ ಕಾಗದ, ಜಮೀನು, ವಕೀಲ ಇವನ್ನೆಲ್ಲ ವಾಪಸ್ ಕಳಿಸುತ್ತೀರಾ?

ಒಂದು ಕಡೆ ಮಾತ್ರ ಎಚ್ಚರ. 1863ರ ಜನವರಿ 1ರ ಅಂತಿಮ ಘೋಷಣೆಗೆ ‘ಗುಲಾಮಗಿರಿ ರದ್ದು’ ಅಂತ ಬರೆಯಬೇಡಿ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿಯಂಥ ರಾಜ್ಯಗಳಿಗೆ ಅದು ಅನ್ವಯಿಸಲೇ ಇಲ್ಲ. ಅದಕ್ಕೆ ‘ಬಿಡುಗಡೆಯ ಘೋಷಣೆ’ ಸಾಕು. ‘ರದ್ದು’ ಅನ್ನುವ ಪದವನ್ನು 1865ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ, ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿಗೆ ಉಳಿಸಿಕೊಳ್ಳಿ.