ನಾಯಿಗೆ ದಿನಕ್ಕೆ ಎಷ್ಟು ವ್ಯಾಯಾಮ ಬೇಕು? ಸಾಕಿದವರ ಅನುಭವಗಳು

ಮೈಸೂರಿನಿಂದ ಬಂದ ಪ್ರಶ್ನೆ:

ನಮ್ಮದು ಎರಡನೆಯ ಮಹಡಿಯ ಮನೆ, ಲಿಫ್ಟ್ ಇಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಮನೆಯಲ್ಲಿ ಅತ್ತೆಯವರು ಇರುತ್ತಾರಾದರೂ ಮಂಡಿನೋವಿನ ಕಾರಣ ಅವರಿಂದ ನಾಯಿಯನ್ನು ಹೊರಗೆ ಕರೆದೊಯ್ಯಲು ಆಗುವುದಿಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಕೊಡಲು ನಾವು ಸಿದ್ಧ. ಮಗಳಿಗೆ ಲ್ಯಾಬ್ರಡಾರ್ ಬೇಕು, ನನಗೆ ಮುಧೋಳ ನಾಯಿಯ ಮೇಲೆ ಮನಸ್ಸು, ಬೀಗಲ್ ಆದರೆ ಚಿಕ್ಕದು, ಸುಲಭ ಎಂಬುದು ಯಜಮಾನರ ಅಭಿಪ್ರಾಯ. ಯಾವ ತಳಿಗೆ ಎಷ್ಟು ವ್ಯಾಯಾಮ ಬೇಕು, ನಮ್ಮ ಸಮಯ ಯಾವುದಕ್ಕೆ ಸಾಲುತ್ತದೆ ಎಂಬುದನ್ನು ಸಾಕಿ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಬೆಂಗಳೂರಿನಿಂದ, ಲ್ಯಾಬ್ರಡಾರ್ ಸಾಕುತ್ತಿರುವವರು:

ನಿಮ್ಮ ಮಗಳ ಆಯ್ಕೆಯಿಂದ ಪ್ರಾರಂಭಿಸುತ್ತೇನೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದ ನಾಯಿಗಳಿಂದ ಬಂದ ತಳಿ ಲ್ಯಾಬ್ರಡಾರ್. ಬ್ರಿಟನ್ನಿನಲ್ಲಿ ಅದನ್ನು ಗುಂಡೇಟಿಗೆ ಬಿದ್ದ ಹಕ್ಕಿಗಳನ್ನು ನೀರಿನಿಂದಲೂ ಪೊದೆಗಳಿಂದಲೂ ಎತ್ತಿ ತರುವ ಕೆಲಸಕ್ಕೆಂದು ಬೆಳೆಸಿದರು. ಹೀಗಾಗಿ ಹುಡುಕುವುದು, ಬಾಯಲ್ಲಿ ಹಿಡಿದು ತರುವುದು, ಈಜುವುದು ಇವೆಲ್ಲ ಅದಕ್ಕೆ ಹುಟ್ಟಿನಿಂದ ಬಂದ ಗುಣಗಳು. ಬೆಳೆದ ಲ್ಯಾಬ್ರಡಾರ್‌ಗೆ ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಬೇಕೆಂದು ನಾನು ಹೇಳುತ್ತೇನೆ. ಆದರೆ ಆ ಹೊತ್ತನ್ನೆಲ್ಲ ಬೆಲ್ಟ್ ಹಿಡಿದು ನಮ್ಮ ನಡಿಗೆಯ ವೇಗದಲ್ಲೇ ಕಳೆದರೆ, ಮನೆಗೆ ಬಂದ ಮೇಲೂ ಅದು ಚಪ್ಪಲಿ ಹುಡುಕುತ್ತ ತಿರುಗುತ್ತದೆ. ಅದೇ ಮುಕ್ಕಾಲು ಗಂಟೆಯಲ್ಲಿ ಕಾಲು ಗಂಟೆಯಷ್ಟು ಚೆಂಡೆಸೆದು ತರಿಸಿ, ಇನ್ನಷ್ಟು ಹೊತ್ತು ಹುಲ್ಲಿನಲ್ಲಿ ಹಳೆಯ ಬಟ್ಟೆಯ ಗಂಟೊಂದನ್ನು ಬಚ್ಚಿಟ್ಟು ಮೂಗಿನಿಂದ ಹುಡುಕಿಸಿದರೆ, ನೀರು ಕುಡಿದು ನೆಲಕ್ಕೆ ಮೈಚಾಚಿ ಮಲಗಿಬಿಡುತ್ತದೆ. ಆದ್ದರಿಂದ ನಿಮ್ಮ ಒಂದೂವರೆ ಗಂಟೆ ಈ ತಳಿಗೆ ಸಾಲುತ್ತದೆ, ಅದನ್ನು ಅದರ ಕೆಲಸದಿಂದ ತುಂಬಿದರೆ ಮಾತ್ರ.

ಎರಡು ವಿಷಯಗಳನ್ನು ಒತ್ತಿ ಹೇಳಬೇಕು. ಮೊದಲನೆಯದು ತೂಕ. ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಮಿದುಳಿಗೆ ಮುಟ್ಟಿಸುವಲ್ಲಿ ಪಾತ್ರವಿರುವ ಒಂದು ವಂಶವಾಹಿಯ ತುಣುಕು, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಕಾಣೆಯಾಗಿದೆ ಎಂದು 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅಂಥ ನಾಯಿ ತಿಂದಷ್ಟೂ ಹಸಿದಂತೆಯೇ ನೋಡುತ್ತದೆ, ಮನೆಯ ಹಿರಿಯರು ಕನಿಕರದಿಂದ ಒಂದು ಚಪಾತಿ ಹೆಚ್ಚಿಗೆ ಹಾಕುತ್ತಾರೆ, ಬೆಳಗಿನ ಓಟವೆಲ್ಲ ಅಲ್ಲಿಗೆ ವ್ಯರ್ಥವಾಗುತ್ತದೆ. ಪಕ್ಕೆಗಳ ಮೇಲೆ ಅಂಗೈ ಆಡಿಸಿದಾಗ ಒತ್ತದೆಯೇ ಎಲುಬುಗಳು ಕೈಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಸಣ್ಣಗೆ ಕಾಣಬೇಕು. ಅಷ್ಟಿದ್ದರೆ ಊಟಕ್ಕೂ ಓಟಕ್ಕೂ ಹೊಂದಾಣಿಕೆಯಿದೆ ಎಂದು ತಿಳಿಯಬಹುದು.

ಎರಡನೆಯದು ನಿಮ್ಮ ಮನೆಯ ಮೆಟ್ಟಿಲು. ಲ್ಯಾಬ್ರಡಾರ್ ಸೇರಿದಂತೆ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ನಾರ್ವೆಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೂರು ತಿಂಗಳೊಳಗೆ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷದ ಸಾಧ್ಯತೆ ಹೆಚ್ಚಿತ್ತು. ಅದೇ ವಯಸ್ಸಿನಲ್ಲಿ ಮೆತ್ತನೆಯ, ಏರಿಳಿತದ ನೆಲದ ಮೇಲೆ ಸ್ವತಂತ್ರವಾಗಿ ಆಡಿದ ಮರಿಗಳಲ್ಲಿ ಅದು ಕಡಿಮೆಯಿತ್ತು. ಮರಿಯನ್ನು ತಂದರೆ ಮೊದಲ ಕೆಲವು ತಿಂಗಳು ಎತ್ತಿಕೊಂಡೇ ಇಳಿಸಿರಿ, ಹತ್ತಿಸಿರಿ. ವಯಸ್ಸಿನ ಪ್ರತಿ ತಿಂಗಳಿಗೆ ಐದು ನಿಮಿಷದಂತೆ ನಡೆಸಬೇಕೆಂಬ ಲೆಕ್ಕ ಸಾಕುವವರಲ್ಲಿ ಬಳಕೆಯಲ್ಲಿದೆ. ಅದು ಅಂದಾಜು ಮಾತ್ರ, ಆದರೂ ನಾಲ್ಕು ತಿಂಗಳ ಮರಿಯನ್ನು ಜಾಗಿಂಗ್‌ಗೆ ಎಳೆದೊಯ್ಯುವವರಿಗೆ ಒಳ್ಳೆಯ ತಡೆ. ದೊಡ್ಡ ತಳಿಗಳ ಎಲುಬು ಪೂರ್ತಿ ಬಲಿಯಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ.

ಜಮಖಂಡಿ ತಾಲ್ಲೂಕಿನಿಂದ, ಮುಧೋಳ ನಾಯಿ ಸಾಕಿದವರು:

ನಮ್ಮ ಭಾಗದ ನಾಯಿಯ ಮೇಲೆ ಮನಸ್ಸು ಮಾಡಿದ್ದಕ್ಕೆ ಸಂತೋಷವಾಯಿತು. ಮುಧೋಳ ನಾಯಿಯನ್ನು ಕಂಡವರೆಲ್ಲ ಇದಕ್ಕೆ ದಿನವಿಡೀ ಓಟ ಬೇಕೇನೋ ಎಂದುಕೊಳ್ಳುತ್ತಾರೆ, ಅದು ಸರಿಯಲ್ಲ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಕದಲಿದ್ದನ್ನು ಕಂಡು, ಅದು ಪೊದೆ ಸೇರುವುದರೊಳಗೆ ಮುಟ್ಟಬೇಕಾದ ಓಟಕ್ಕೆ ಇದರ ಮೈಕಟ್ಟು ರೂಪುಗೊಂಡಿದೆ. ಜೋಳ ಕೊಯ್ದ ಎರೆಹೊಲದಲ್ಲಿ ಬಿಟ್ಟಾಗ ನೋಡಬೇಕು: ಮೊದಲು ತಲೆಯೆತ್ತಿ ಒಂದೇ ದಿಕ್ಕಿಗೆ ದಿಟ್ಟಿಸುತ್ತದೆ, ಕಿವಿಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮುಂಗಾಲೊಂದು ನೆಲ ಬಿಟ್ಟು ಹಾಗೆಯೇ ನಿಲ್ಲುತ್ತದೆ, ಮರುಕ್ಷಣ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡಿ, ಮತ್ತೆ ಚಾಚಿ, ಬೆನ್ನು ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಇಂಥ ಓಟ ಕೆಲವೇ ನಿಮಿಷ. ಆಮೇಲೆ ನೆರಳು ಹಿಡಿದು ಮಲಗಿದರೆ ಗಂಟೆಗಟ್ಟಲೆ ಏಳುವುದಿಲ್ಲ.

ನಿಮ್ಮ ಬೆಳಗಿನ ಮತ್ತು ಸಂಜೆಯ ಮುಕ್ಕಾಲು ಗಂಟೆ ಸಮಯದ ಲೆಕ್ಕದಲ್ಲಿ ಇದಕ್ಕೆ ಧಾರಾಳವಾಯಿತು. ಕೊರತೆ ಬೀಳುವುದು ಜಾಗದ್ದು. ದಿನವೂ ಬೆಲ್ಟ್ ಹಿಡಿದು ನಡೆಸುವುದರ ಜೊತೆಗೆ, ವಾರದಲ್ಲಿ ಎರಡು ಮೂರು ಸಲವಾದರೂ ಸುತ್ತ ಎತ್ತರದ ಬೇಲಿಯಿರುವ ಬಯಲಿನಲ್ಲಿ ಇದನ್ನು ಬಿಚ್ಚಿ ಬಿಡಬೇಕು. ಬೇಲಿಯಿಲ್ಲದ ಕಡೆ, ಅದರಲ್ಲೂ ನಗರದಲ್ಲಿ, ಎಂದಿಗೂ ಬಿಡಬೇಡಿರಿ. ರಸ್ತೆಯ ಆಚೆ ಬೆಕ್ಕೊಂದು ಓಡಿದರೆ ಎಷ್ಟೇ ಕಲಿಸಿದ ನಾಯಿಯಾದರೂ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ, ವಾಹನವೂ ಕಣ್ಣಿಗೆ ಬೀಳುವುದಿಲ್ಲ. ಇದರ ಕುತ್ತಿಗೆಗೂ ತಲೆಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಸಾಮಾನ್ಯ ಕೊರಳಪಟ್ಟಿ ಹಿಂದಕ್ಕೆ ಜಗ್ಗಿದಾಗ ಸುಲಭವಾಗಿ ಕಳಚಿಬಿಡುತ್ತದೆ. ಎಳೆದಾಗ ತಾನೇ ಬಿಗಿಯಾಗುವ ಅಗಲವಾದ ಮಾರ್ಟಿಂಗೇಲ್ ಪಟ್ಟಿಯನ್ನೇ ಕೊಳ್ಳಬೇಕು. ಚರ್ಮ ತೆಳುವಾದ್ದರಿಂದ ಮುಳ್ಳುಕಂಟಿಗೂ ತಂತಿಬೇಲಿಗೂ ಬೇಗ ಹರಿಯುತ್ತದೆ, ಓಡಿಸುವ ಮೊದಲು ಬಯಲನ್ನು ಒಮ್ಮೆ ನೀವೇ ಸುತ್ತಿ ನೋಡಿರಿ.

ಮರಿ ತರುವ ಯೋಚನೆಯಿದ್ದರೆ ಮುಧೋಳದ ಸಮೀಪ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಬೆಳೆದ ನಾಯಿಗಳನ್ನು ಕಣ್ಣಾರೆ ನೋಡಿ, ಅವುಗಳ ಓಟದ ಅಳತೆಗೆ ನಿಮ್ಮ ಬಡಾವಣೆಯಲ್ಲಿ ಜಾಗವಿದೆಯೇ ಎಂದು ಯೋಚಿಸಿ ಆಮೇಲೆ ನಿರ್ಧರಿಸಿರಿ. ಜಾಗವಿಲ್ಲದಿದ್ದರೆ ಈ ನಾಯಿಯನ್ನು ಪ್ರೀತಿಸುವವನಾಗಿಯೇ ಬೇಡವೆಂದು ಹೇಳುತ್ತೇನೆ.

ಇಂಗ್ಲೆಂಡಿನ ರೆಡಿಂಗ್‌ನಿಂದ, ಕನ್ನಡಿಗರೊಬ್ಬರು:

ಅಂತರಜಾಲದಲ್ಲಿ ಸಿಗುವ ಬಹುಪಾಲು ಅಂಕಿಗಳು ನಾಯಿ ತಳಿಗಳನ್ನು ನೋಂದಾಯಿಸುವ ಇಲ್ಲಿನ ಕೆನಲ್ ಕ್ಲಬ್ಬಿನಂಥ ಸಂಸ್ಥೆಗಳು ತಳಿವಾರು ಕೊಟ್ಟವು. ಆ ಕ್ಲಬ್ಬಿನ ಪ್ರಕಾರ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬಾರ್ಡರ್ ಕಾಲಿಗಳಿಗೆ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು, ಪಗ್‌ಗೆ ಒಂದು ಗಂಟೆಯವರೆಗೆ. ಜಮಖಂಡಿಯವರ ಮಾತಿಗೆ ಪುಷ್ಟಿ ಕೊಡುವಂತೆ, ಅಷ್ಟು ವೇಗದ ಗ್ರೇಹೌಂಡಿಗೂ ಅದು ಸೂಚಿಸುವುದು ಒಂದು ಗಂಟೆಯವರೆಗೆ ಮಾತ್ರ. ಆದರೆ ಇವೆಲ್ಲ ಇಲ್ಲಿನ ತಂಪಿಗೆ ಹೊಂದುವ ಅಂಕಿಗಳು. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಾಯಿಯೊಡನೆ ಹೊಲದಲ್ಲಿ ಸುತ್ತುವುದು ವರ್ಷದ ಬಹುಕಾಲ ಸಾಧ್ಯ, ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನು ಊಹಿಸಲೂ ಆಗದು. ಅಂಕಿಯನ್ನು ತೆಗೆದುಕೊಳ್ಳುವಾಗ ಹವೆಯನ್ನೂ ಜೊತೆಗೆ ಓದಿಕೊಳ್ಳಬೇಕು.

ಉಡುಪಿಯಿಂದ, ಬೀಗಲ್ ಸಾಕುತ್ತಿರುವವರು:

ಬೀಗಲ್ ಚಿಕ್ಕದು ಎಂಬುದು ನಿಜ, ಸುಲಭ ಎಂಬುದನ್ನು ದಯವಿಟ್ಟು ಮರುಯೋಚಿಸಿರಿ. ಬೇಟೆಗಾರರು ಕಾಲ್ನಡಿಗೆಯಲ್ಲಿ ಹಿಂಬಾಲಿಸುತ್ತಿದ್ದ, ಮೊಲದ ವಾಸನೆ ಹಿಡಿದು ಗುಂಪಾಗಿ ಗಂಟೆಗಟ್ಟಲೆ ಸಾಗುತ್ತಿದ್ದ ನಾಯಿ ಇದು. ಮುಧೋಳ ನಾಯಿಯದು ಕ್ಷಣದ ವೇಗವಾದರೆ ಇದರದು ಮುಗಿಯದ ದಮ್ಮು. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕೇ ಬೇಕು, ಅದರಲ್ಲಿ ದೊಡ್ಡ ಪಾಲು ಮೂಗಿಗೆ ಸಲ್ಲಬೇಕು. ನಮ್ಮ ನಾಯಿ ಒಂದು ಕಾಂಪೌಂಡ್ ಗೋಡೆಯ ಬುಡದಲ್ಲಿ ನಿಂತರೆ ಮೂಗಿನ ಹೊಳ್ಳೆಗಳು ಎಡೆಬಿಡದೆ ಮಿಡಿಯುತ್ತವೆ, ಒಂದೇ ಹುಲ್ಲಿನ ಎಸಳನ್ನು ಬುಡದಿಂದ ತುದಿಯವರೆಗೆ ಮೂಸಿ, ಮತ್ತೆ ಬುಡಕ್ಕೆ ಬರುತ್ತದೆ. ಆಗ ಹೊತ್ತಾಯಿತೆಂದು ಎಳೆಯಬಾರದು. ದೂರ ಕಡಿಮೆಯಾದರೂ ಚಿಂತೆಯಿಲ್ಲ, ಆ ಮೂಸುವಿಕೆಯೇ ಅದನ್ನು ದಣಿಸುತ್ತದೆ. ದಣಿಯದ ಬೀಗಲ್ ಹಗಲೆಲ್ಲ ಊಳಿಡುತ್ತದೆ, ಆ ದನಿ ಎರಡು ಮಹಡಿ ದಾಟಿ ಕೇಳುತ್ತದೆ. ಅತ್ತೆಯವರು ಮನೆಯಲ್ಲಿದ್ದಾರೆ ಎಂದಿರಿ. ಅವರು ಕುಳಿತಲ್ಲಿಂದಲೇ ಅದರ ಊಟದ ಒಂದು ಭಾಗವನ್ನು ಹಳೆಯ ಟವೆಲಿನ ಮಡಿಕೆಗಳಲ್ಲಿ ಸುತ್ತಿ ಹುಡುಕಲು ಕೊಡಬಹುದು, ಮಧ್ಯಾಹ್ನದ ಹೊತ್ತಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ದಾವಣಗೆರೆಯಿಂದ, ಪಗ್ ಸಾಕುತ್ತಿರುವವರು:

ನಿಮ್ಮ ಪಟ್ಟಿಯಲ್ಲಿ ಇಲ್ಲವಾದರೂ, ಸಮಯ ಕಡಿಮೆಯೆಂದು ಪಗ್ ಅಥವಾ ಶಿಟ್ಜೂ ಕಡೆಗೆ ಹೊರಳುವವರಿಗಾಗಿ ಬರೆಯುತ್ತಿದ್ದೇನೆ. ಅರ್ಧದಿಂದ ಮುಕ್ಕಾಲು ಗಂಟೆ, ಅದೂ ಎರಡು ಮೂರು ಭಾಗವಾಗಿ ಸಾಕು. ಆದರೆ ಮೋಟು ಮೂಗಿನ ಈ ನಾಯಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಬೇಸಿಗೆಯಲ್ಲಿ ಸೂರ್ಯ ಮೇಲೇರುವ ಮೊದಲೇ ಮನೆ ಸೇರಬೇಕು. ಉಸಿರಾಟದ ಸದ್ದು ಗೊರಗೊರ ಎಂದು ಏರಿದ ಕೂಡಲೇ ನಿಲ್ಲಿಸಬೇಕು.

ಧಾರವಾಡದಿಂದ, ಪಶುವೈದ್ಯ ವೃತ್ತಿಯಲ್ಲಿರುವವರು:

ಬಿಸಿಲಿನ ವಿಷಯ ಪಗ್‌ಗಷ್ಟೇ ಸೀಮಿತವಲ್ಲ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದರಿಂದಲೇ ಬಹುಪಾಲು ಶಾಖವನ್ನು ಹೊರಹಾಕುತ್ತದೆ. ಕರಾವಳಿಯಂತೆ ಗಾಳಿಯಲ್ಲಿ ತೇವ ಹೆಚ್ಚಿರುವಲ್ಲಿ ಆ ತೇಕುವಿಕೆಯೂ ಸರಿಯಾಗಿ ಫಲಿಸದು. ಆರೋಗ್ಯವಂತ ನಾಯಿಯ ಮೈ ತಾಪ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಬಿಸಿಲಲ್ಲಿ ಓಡಿ 104 ದಾಟಿತೆಂದರೆ ಅಪಾಯ ಹತ್ತಿರವಾಗುತ್ತಿದೆ ಎಂದರ್ಥ. ಜೊಲ್ಲು ಅಂಟಂಟಾಗುವುದು, ವಸಡು ಗಾಢ ಕೆಂಪಾಗುವುದು, ಹೆಜ್ಜೆ ತಪ್ಪುವುದು ಕಂಡರೆ ತಕ್ಷಣ ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ. ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಟ್ಟು ನೋಡುವುದು ಒಳ್ಳೆಯ ರೂಢಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ಆಗದು.

ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್‌ಗಳಂಥ ಆಳ ಎದೆಯ ನಾಯಿಗಳಲ್ಲಿ ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರ ತಿರುಚಿಕೊಳ್ಳುವ ತೊಂದರೆ ಬರುತ್ತದೆ, ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದೆರಡು ಗಂಟೆ ಬಿರುಸಿನ ಓಟ ಬೇಡ. ಇಡೀ ದಿನದ ಊಟವನ್ನು ಒಂದೇ ಸಲಕ್ಕೆ ಹಾಕುವುದೂ ಬೇಡ. ವಯಸ್ಸಾದ ನಾಯಿಗೆ ನಡಿಗೆಯನ್ನು ನಿಲ್ಲಿಸುವ ಮನೆಗಳನ್ನು ನಾನು ಬಹಳ ನೋಡುತ್ತೇನೆ. ಕೀಲುನೋವಿರುವ ನಾಯಿಗೆ ಪೂರ್ತಿ ವಿಶ್ರಾಂತಿಯಿಂದ ಸ್ನಾಯು ಕರಗಿ ನೋವು ಹೆಚ್ಚುತ್ತದೆ. ಹತ್ತು ಹದಿನೈದು ನಿಮಿಷದ ನಡಿಗೆ, ದಿನಕ್ಕೆ ಮೂರು ನಾಲ್ಕು ಸಲ, ಮಣ್ಣಿನ ಮೇಲೆ ಆದರೆ ಇನ್ನೂ ಉತ್ತಮ.

ತೀರ್ಥಹಳ್ಳಿಯಿಂದ, ನಾಡನಾಯಿಗಳನ್ನು ಸಾಕಿದವರು:

ನೀವು ಮೂರು ತಳಿಗಳ ಹೆಸರು ಹೇಳಿದಿರಿ. ನಮ್ಮ ಬೀದಿಗಳಲ್ಲೇ ಹುಟ್ಟುವ ನಾಯಿಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ನಮ್ಮ ಹವೆಗೆ ಒಗ್ಗಿದ ಮೈ, ಗಿಡ್ಡ ಕೂದಲು, ಹಗುರವಾದ ತೂಕ. ಅಡಿಕೆ ತೋಟದಲ್ಲಿ ಬಿಟ್ಟರೆ ಅದು ತನ್ನ ವ್ಯಾಯಾಮವನ್ನು ತಾನೇ ನೋಡಿಕೊಳ್ಳುತ್ತದೆ, ಮಹಡಿ ಮನೆಯಲ್ಲಾದರೆ ದಿನಕ್ಕೆ ಸುಮಾರು ಒಂದು ಗಂಟೆ ಕೊಡಬೇಕಾಗುತ್ತದೆ, ನಿಮ್ಮ ಸಮಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಮಳೆಗಾಲದಲ್ಲಿ ಹೊರಗಿನ ಹೊತ್ತು ತಗ್ಗಿದರೆ ಒಳಗೆ ವಸ್ತು ಹುಡುಕುವ ಆಟಗಳನ್ನು ಹೆಚ್ಚಿಸಿರಿ, ನಿಂತ ನೀರನ್ನು ಕುಡಿಯಲು ಬಿಡಬೇಡಿರಿ, ಇಲಿಜ್ವರದ ಲಸಿಕೆ ಹಾಕಿಸಿರಿ. ಹುಲ್ಲಿನಲ್ಲಿ ಅಡ್ಡಾಡಿಸಿ ಬಂದ ಪ್ರತಿ ಸಲವೂ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕಂಕುಳುಗಳಲ್ಲಿ ಉಣ್ಣೆ ಇದೆಯೇ ಎಂದು ಬೆರಳಾಡಿಸಿ ನೋಡಬೇಕು, ಉಣ್ಣೆಯಿಂದ ಬರುವ ಜ್ವರ ಯಾವ ತಳಿಯನ್ನೂ ಬಿಡುವುದಿಲ್ಲ.

ಮರಿಯ ಬದಲು ಒಂದೆರಡು ವರ್ಷದ ನಾಯಿಯನ್ನೇ ದತ್ತು ತೆಗೆದುಕೊಂಡರೆ ಮೆಟ್ಟಿಲಿನ ತೊಡಕೂ ಅಷ್ಟಾಗಿ ಇರದು, ಅದರ ಸ್ವಭಾವವೂ ಮೊದಲೇ ತಿಳಿದಿರುತ್ತದೆ. ಅದು ಇರುವಲ್ಲಿಗೆ ನೀವು ಕೊಡಬಲ್ಲ ಬೆಳಗಿನ ಹೊತ್ತಿಗೇ ಹೋಗಿ, ಮುಕ್ಕಾಲು ಗಂಟೆ ಅಡ್ಡಾಡಿಸಿ, ಮರಳಿದ ಮೇಲೆ ಇನ್ನರ್ಧ ಗಂಟೆ ಅಲ್ಲೇ ಕುಳಿತು ನೋಡಿರಿ. ನೀರು ಕುಡಿದು ಮಲಗಿದರೆ ನಿಮ್ಮ ಸಮಯ ಅದಕ್ಕೆ ಸಾಲುತ್ತದೆ. ಬಾಗಿಲಿಗೂ ನಿಮಗೂ ನಡುವೆ ಓಡಾಡುತ್ತಲೇ ಇದ್ದರೆ ಸಂಜೆ ಮತ್ತೊಮ್ಮೆ ಹೋಗಿ ಪರೀಕ್ಷಿಸಿ, ಆಗಲೂ ಹಾಗೆಯೇ ಇದ್ದರೆ ಬೇರೆ ನಾಯಿಯನ್ನು ನೋಡುವುದೇ ಆ ನಾಯಿಗೂ ನಿಮಗೂ ಒಳ್ಳೆಯದು.