ಕಾಮೆಟ್ ಪತಂಗ, ಹರ್ಕ್ಯುಲಿಸ್ ಪತಂಗ: ದೊಡ್ಡದು ಯಾವುದು?

ಪ್ರಶ್ನೆ:
ಮಡಗಾಸ್ಕರಿನ ಕಾಮೆಟ್ ಪತಂಗವನ್ನೂ ನ್ಯೂಗಿನಿಯ ಹರ್ಕ್ಯುಲಿಸ್ ಪತಂಗವನ್ನೂ ಜಗತ್ತಿನ ಅತಿ ದೊಡ್ಡ ಪತಂಗಗಳ ಸಾಲಿನಲ್ಲಿ ಹೆಸರಿಸುತ್ತಾರೆ. ಎರಡರ ಹಿಂದಿನ ರೆಕ್ಕೆಗಳಿಗೂ ಬಾಲಗಳಿವೆ. ಹಾಗಾದರೆ ಇವು ಹತ್ತಿರದ ಬಂಧುಗಳೇ? ಇವೆರಡರಲ್ಲಿ ನಿಜಕ್ಕೂ ದೊಡ್ಡದು ಯಾವುದು?

ಉತ್ತರ 1:
ರೆಕ್ಕೆಯ ಹರವನ್ನು ಲೆಕ್ಕಕ್ಕೆ ಹಿಡಿದರೆ ಇವೆರಡರಲ್ಲಿ ಹರ್ಕ್ಯುಲಿಸ್ ಪತಂಗವೇ ದೊಡ್ಡದು. ಅದರ ರೆಕ್ಕೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 27 ಸೆಂಟಿಮೀಟರ್ ಚಾಚುತ್ತವೆ. ಹೆಣ್ಣಿನ ರೆಕ್ಕೆಗಳ ಒಟ್ಟು ವಿಸ್ತೀರ್ಣ 300 ಚದರ ಸೆಂಟಿಮೀಟರಿನವರೆಗೂ ಇರುತ್ತದೆ. ಕಾಮೆಟ್‌ನ ಹರವು 20 ಸೆಂಟಿಮೀಟರಿನ ಆಸುಪಾಸಿನದು. ಆದರೆ ಹಳದಿ ಮೈಬಣ್ಣದ ಗಂಡು ಕಾಮೆಟ್‌ನ ಬಾಲವೇ 15 ಸೆಂಟಿಮೀಟರಿನಷ್ಟು ಉದ್ದವಿರುವುದರಿಂದ, ನೋಡುವವರ ಕಣ್ಣಿಗೆ ಅದೇ ದೊಡ್ಡದೆನಿಸಿದರೆ ಆಶ್ಚರ್ಯವಿಲ್ಲ. ಅಂದ ಹಾಗೆ, ಕಾಮೆಟ್ ಮಡಗಾಸ್ಕರ್ ಬಿಟ್ಟು ಬೇರೆಲ್ಲೂ ಕಾಣಸಿಗುವುದಿಲ್ಲ. ಹರ್ಕ್ಯುಲಿಸ್ ಮಾತ್ರ ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲೂ ಇದೆ.

ಉತ್ತರ 2:
ಬಂಧುತ್ವದ ಬಗ್ಗೆ ಹೇಳುವುದಾದರೆ, ಎರಡೂ ಸ್ಯಾಟರ್ನಿಡೇ ಕುಟುಂಬಕ್ಕೆ ಸೇರಿದ್ದರೂ ಕವಲುಗಳು ಬೇರೆ: ಕಾಮೆಟ್ ಚಂದ್ರ ಪತಂಗಗಳ ಕಡೆಯದು, ಹರ್ಕ್ಯುಲಿಸ್ ಅಟ್ಲಾಸ್ ಪತಂಗದ ಕಡೆಯದು. ಈ ಕುಟುಂಬದಲ್ಲಿ ಬಾಲಗಳು ಒಂದಕ್ಕಿಂತ ಹೆಚ್ಚು ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿವೆಯಾದ್ದರಿಂದ, ಬಾಲದ ಹೋಲಿಕೆಯೊಂದನ್ನೇ ನೆಚ್ಚಿಕೊಂಡು ನಂಟು ಕಟ್ಟುವಂತಿಲ್ಲ. ಬಾಲದ ಉಪಯೋಗವೇನೆಂಬುದಕ್ಕೆ ಅಮೆರಿಕದ ಲೂನಾ ಪತಂಗದ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಒಳ್ಳೆಯ ಸುಳಿವು ಕೊಡುತ್ತದೆ. ಹಾರುವಾಗ ಗಿರಗಿರನೆ ತಿರುಗುವ ಬಾಲದ ತುದಿ, ಬೇಟೆ ಹುಡುಕಲು ಬಾವಲಿ ಹೊರಡಿಸುವ ಶಬ್ದವನ್ನು ಪ್ರತಿಧ್ವನಿಸಿ ಅದರ ಗಮನವನ್ನು ತನ್ನತ್ತ ಸೆಳೆಯುತ್ತದೆ. ಸುಮಾರು 55 ಶೇಕಡಾ ದಾಳಿಗಳು ಮೈಯನ್ನು ಬಿಟ್ಟು ಬಾಲಕ್ಕೆ ಗುರಿಯಾಗಿದ್ದವು. ಬಾಲ ಹರಿದರೂ ಪತಂಗ ಹಾರಬಲ್ಲದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬಾಲ, ರೆಕ್ಕೆಗಳನ್ನು ಬಿಟ್ಟರೆ ಬದುಕಿನ ಕ್ರಮದಲ್ಲೂ ವ್ಯತ್ಯಾಸವಿದೆಯೇ?

ಉತ್ತರ 3:
ಪ್ರೌಢಾವಸ್ಥೆಯಲ್ಲಿ ಹೆಚ್ಚೇನಿಲ್ಲ. ಎರಡೂ ಆಹಾರ ಸೇವಿಸುವುದಿಲ್ಲ. ಕಂಬಳಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಿಂದಲೇ ಕೆಲವು ದಿನ ಬದುಕಿ, ಸಂತಾನ ಬೆಳೆಸಿ ಸಾಯುತ್ತವೆ. ನನ್ನ ಮಟ್ಟಿಗೆ ಗಮನಿಸಬೇಕಾದದ್ದು ಗೂಡು. ಹರ್ಕ್ಯುಲಿಸ್ ಹುಳು ಎಲೆಯೊಂದನ್ನು ಸುತ್ತಿಕೊಂಡು ಅದರೊಳಗೆ ರೇಷ್ಮೆ ನೇಯುತ್ತದೆ. ಕಾಮೆಟ್‌ನದು ಬೆಳ್ಳಿಬಣ್ಣದ ಗೂಡು, ಅದರ ತುಂಬ ಸಣ್ಣ ಸಣ್ಣ ತೂತುಗಳು. ಮಳೆಕಾಡಿನಲ್ಲಿ ಒಳಸೇರಿದ ನೀರು ಸೋರಿಹೋಗಲು ಅವು ನೆರವಾಗುತ್ತವೆ ಎನ್ನುತ್ತಾರೆ. ಅದರ ಎಳೆಗಳೊಳಗೆ ಉದ್ದಕ್ಕೂ ಇರುವ ಸೂಕ್ಷ್ಮ ಗಾಳಿಪೊಳ್ಳುಗಳು ಬಿಸಿಲನ್ನು ಚೆನ್ನಾಗಿ ಪ್ರತಿಫಲಿಸಿ ಕೋಶವನ್ನು ತಂಪಾಗಿಡುತ್ತವೆ ಎಂಬುದನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವಿವರಿಸಿದ್ದಾರೆ.